ಆನ್‌ಲೈನ್ ಪಾರ್ಸಲಿನಲ್ಲಿ ಸಾಮಾನು ಕಡಿಮೆ ಬಂದರೆ: ಗಡಿನಾಡ ಪಾಲಕರು ತಿಳಿದಿರಬೇಕಾದ ಸಂಗತಿಗಳು

ಜೂನ್ ತಿಂಗಳ ನಡುಭಾಗದಲ್ಲಿ ಮಹಾರಾಷ್ಟ್ರದ ಶಾಲೆಗಳು ಪುನರಾರಂಭಗೊಳ್ಳುವ ಹೊತ್ತಿಗೆ ಮೈಂದರ್ಗಿ, ದುಧನಿ, ಅಕ್ಕಲಕೋಟೆ ಭಾಗದ ಮನೆಗಳಿಗೆ ವಹಿ, ಪಾಟಿಚೀಲ, ಬೂಟು, ಕಂಪಾಸ್ ಪೆಟ್ಟಿಗೆಗಳ ಪಾರ್ಸಲುಗಳು ಬರತೊಡಗುತ್ತವೆ. ಹಿಂದೆ ಇವುಗಳಿಗಾಗಿ ಅಕ್ಕಲಕೋಟೆಯ ಪೇಟೆಗೋ ಸೊಲ್ಲಾಪುರಕ್ಕೋ ಹೋಗಿ, ಅಂಗಡಿಯ ಕಟ್ಟೆಯ ಮೇಲೆಯೇ ಎಣಿಸಿ, ಹಾಳೆ ತಿರುವಿ ನೋಡಿ, ಚೌಕಾಸಿ ಮಾಡಿ ತರುತ್ತಿದ್ದ ಪಾಲಕರು ಈಗ ಮೊಬೈಲಿನಲ್ಲಿ ಚಿತ್ರ ನೋಡಿ ಹಣ ಕಟ್ಟುತ್ತಾರೆ. ಎಣಿಸುವ ಕೆಲಸ ಹಣ ಕೊಟ್ಟ ನಂತರ ಆರಂಭವಾಗುತ್ತದೆ. ತೊಡಕು ಇರುವುದು ಇಲ್ಲಿಯೇ.

ನಮ್ಮ ಮನೆಯಲ್ಲಿಯೇ ನಡೆದದ್ದನ್ನು ಹೇಳುತ್ತೇನೆ. ಹನ್ನೆರಡು ವಹಿಗಳ ಕಟ್ಟು ಎಂದು ತರಿಸಿದ್ದರಲ್ಲಿ ಬಂದದ್ದು ಹತ್ತು. ಎರಡು ವಹಿಗಳ ಬೆಲೆ ಎಷ್ಟು ಮಹಾ, ಯಾರು ಅದರ ಬೆನ್ನು ಹತ್ತುವುದು ಎಂದು ಸುಮ್ಮನಾದೆವು. ಹತ್ತು ದಿನಗಳ ಮೇಲೆ ಅದೇ ಓಣಿಯ ಇನ್ನೊಂದು ಮನೆಗೂ ಅದೇ ಕಟ್ಟಿನಲ್ಲಿ ಹತ್ತೇ ಬಂದಿವೆ ಎಂದು ತಿಳಿದು ದೂರು ಬರೆಯಲು ಕುಳಿತಾಗ ವಾಪಸಾತಿಯ ಅವಧಿ ಮುಗಿದಿತ್ತು, ಜಾಹೀರಾತಿನ ಪುಟದಲ್ಲಿ 12 ಇದ್ದ ಸಂಖ್ಯೆ 10 ಆಗಿತ್ತು, ಪಾರ್ಸಲಿನ ಹೊದಿಕೆ ಒಲೆಗೆ ಹೋಗಿತ್ತು. ಕಾನೂನು ನಮ್ಮ ಪರವಾಗಿಯೇ ಇತ್ತು. ಸಾಕ್ಷ್ಯ ಮಾತ್ರ ಇರಲಿಲ್ಲ.

ಈ ವಿಷಯದಲ್ಲಿ ಗಡಿಭಾಗದ ಕನ್ನಡ ಕುಟುಂಬಗಳಲ್ಲಿ ಎರಡು ತಪ್ಪು ಕಲ್ಪನೆಗಳು ಬೇರೂರಿವೆ. ಕಂಪನಿ ಬೆಂಗಳೂರಿನಲ್ಲಿದೆ ಅಥವಾ ದಿಲ್ಲಿಯಲ್ಲಿದೆ, ಮೈಂದರ್ಗಿಯಲ್ಲಿ ಕುಳಿತು ನಾವೇನು ಮಾಡಬಲ್ಲೆವು ಎಂಬುದು ಒಂದು. ದೂರನ್ನು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಹೇಳಬೇಕು, ನಮಗೆ ಬಾರದು ಎಂಬುದು ಇನ್ನೊಂದು. ಎರಡೂ ಸರಿಯಲ್ಲ.

ಯಾವುದನ್ನು ‘ಕಡಿಮೆ’ ಎನ್ನಬೇಕು

ಎಣಿಕೆಯಲ್ಲಿ ಕಡಿಮೆ ಬರುವುದು ಎಲ್ಲರಿಗೂ ತಿಳಿಯುವಂಥದು. ಆದರೆ ದೂರು ಕೊಡುವ ಮೊದಲು ಜಾಹೀರಾತಿನಲ್ಲಿ ನಿಜವಾಗಿ ಏನು ಬರೆದಿತ್ತು ಎಂಬುದನ್ನು ಓದಬೇಕು. ಚಿತ್ರದಲ್ಲಿ ಐದು ಪೆನ್ನುಗಳಿದ್ದು, ಕೆಳಗೆ ಸಣ್ಣ ಅಕ್ಷರದಲ್ಲಿ ‘1 ನಗ’ ಎಂದಿರುವುದುಂಟು. ವಹಿಯ ವಿಷಯದಲ್ಲಿ ಪುಟ ಮತ್ತು ಹಾಳೆಯ ಲೆಕ್ಕ ಬೇರೆ. 100 ಹಾಳೆ ಎಂದರೆ 200 ಪುಟ. ಕೆಲವು ವಹಿಗಳ ಹಿಂಬದಿಯಲ್ಲಿ ನಮೂದಾದ ಪುಟಸಂಖ್ಯೆಯಲ್ಲಿ ರಕ್ಷಾಪುಟ, ಅನುಕ್ರಮಣಿಕೆಯ ಪುಟಗಳೂ ಸೇರಿವೆ ಎಂದು ಮುದ್ರಿಸಿರುತ್ತಾರೆ. ಅದನ್ನು ನೋಡದೆ ‘ಪುಟ ಕಡಿಮೆ’ ಎಂದು ದೂರಿದರೆ ಉತ್ತರ ಸಿದ್ಧವಾಗಿರುತ್ತದೆ.

ತೂಕದಲ್ಲಿ ಕೊರತೆಯಾದರೆ ಅದಕ್ಕೆ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ ಮತ್ತು 2011ರ ಪೊಟ್ಟಣ ಸರಕುಗಳ ನಿಯಮಗಳು ಅನ್ವಯಿಸುತ್ತವೆ. ಪೊಟ್ಟಣದ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ಪ್ರಮಾಣ, ಎಲ್ಲ ತೆರಿಗೆಗಳನ್ನೊಳಗೊಂಡ ಗರಿಷ್ಠ ಚಿಲ್ಲರೆ ಬೆಲೆ, ಗ್ರಾಹಕರು ಸಂಪರ್ಕಿಸಬೇಕಾದ ವಿವರ ಇವೆಲ್ಲ ಇರತಕ್ಕದ್ದು. 2018ರ ಜನವರಿ 1ರಿಂದ ಇವುಗಳಲ್ಲಿ ಬಹುತೇಕ ವಿವರಗಳನ್ನು ಆನ್‌ಲೈನ್ ಮಾರಾಟದ ಪುಟದಲ್ಲಿಯೂ ತೋರಿಸುವುದು ಕಡ್ಡಾಯವಾಗಿದೆ. ತೂಕದಲ್ಲಿ ಅಲ್ಪ ವ್ಯತ್ಯಾಸಕ್ಕೆ ನಿಯಮವೇ ಅವಕಾಶ ಕೊಟ್ಟಿದೆ: 50ರಿಂದ 100 ಗ್ರಾಂ ಪೊಟ್ಟಣಕ್ಕೆ 4.5 ಗ್ರಾಂ, 500 ಗ್ರಾಂನಿಂದ 1 ಕಿಲೋ ವರೆಗೆ 15 ಗ್ರಾಂ, 1ರಿಂದ 10 ಕಿಲೋ ವರೆಗೆ ನೂರಕ್ಕೆ ಒಂದೂವರೆ. ಐದು ಕಿಲೋ ಹಿಟ್ಟಿನ ಚೀಲದಲ್ಲಿ 75 ಗ್ರಾಂ ಕಡಿಮೆ ಬಂದರೆ ಅದು ಈ ಮಿತಿಯೊಳಗಿನದು. 200 ಗ್ರಾಂ ಕಡಿಮೆ ಬಂದರೆ ಅದು ಕೊರತೆ.

ಗುಣದಲ್ಲಿ ಕಡಿಮೆ ಬರುವುದು ಮೂರನೆಯ ಬಗೆ. ಚರ್ಮದ ಬೂಟು ಎಂದು ತೋರಿಸಿ ರೆಕ್ಸಿನ್ ಕಳಿಸುವುದು, 64 ಜಿಬಿ ಎಂದ ಟ್ಯಾಬ್ಲೆಟ್ಟಿನಲ್ಲಿ 32 ಜಿಬಿ ಇರುವುದು, ಜೊತೆಗೆ ಚಾರ್ಜರ್ ಇದೆ ಎಂದು ಬರೆದು ಕೊಡದಿರುವುದು ಇದರಲ್ಲಿ ಸೇರುತ್ತವೆ. ಒಂದನ್ನು ತೋರಿಸಿ ಇನ್ನೊಂದನ್ನು ಗಂಟುಹಾಕುವ ವಂಚಕ ವಿನ್ಯಾಸವನ್ನು, ಕೇಳದ ವಸ್ತುವನ್ನು ಬುಟ್ಟಿಯಲ್ಲಿ ಸದ್ದಿಲ್ಲದೆ ಸೇರಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಆ ಪಟ್ಟಿಯಲ್ಲಿ ಇಂಥ 13 ತಂತ್ರಗಳಿವೆ.

ನಮ್ಮ ಕುಟುಂಬಗಳಿಗೆ ವಿಶೇಷವಾದ ಒಂದು ಪೇಚು ಪಠ್ಯಪುಸ್ತಕಗಳದು. ಮೈಂದರ್ಗಿಯ ಕನ್ನಡ ಶಾಲೆಯ ಮಗು ಓದುವುದು ಪುಣೆಯ ಬಾಲಭಾರತಿ, ಅಂದರೆ ಮಹಾರಾಷ್ಟ್ರ ರಾಜ್ಯ ಪಠ್ಯಪುಸ್ತಕ ನಿರ್ಮಿತಿ ಮಂಡಳ, ಪ್ರಕಟಿಸಿದ ಕನ್ನಡ ಪುಸ್ತಕಗಳನ್ನು. ಆನ್‌ಲೈನಿನಲ್ಲಿ ‘ಕನ್ನಡ ಮಾಧ್ಯಮ, 10ನೆಯ ತರಗತಿ, ಪೂರ್ಣ ಸಂಚ’ ಎಂದು ಹುಡುಕಿದರೆ ಸಿಗುವುದು ಬಹುಮಟ್ಟಿಗೆ ಕರ್ನಾಟಕದ ಪಠ್ಯಕ್ರಮದ ಪುಸ್ತಕ ಅಥವಾ ಮಾರ್ಗದರ್ಶಿ. ಜಾಹೀರಾತಿನಲ್ಲಿ ಕರ್ನಾಟಕವೆಂದೇ ಇದ್ದರೆ ತಪ್ಪು ಕೊಂಡವರದು. ವಾಪಸಾತಿಯ ಅವಧಿಯೊಳಗೆ ಹಿಂದಿರುಗಿಸುವುದಷ್ಟೇ ದಾರಿ. ‘ಮಹಾರಾಷ್ಟ್ರ ಮಂಡಳ, ಇಯತ್ತೆ ಹತ್ತನೆಯ’ ಎಂದು ಬರೆದು ಬೇರೆಯದನ್ನು ಕಳಿಸಿದ್ದರೆ ತಪ್ಪು ಮಾರಾಟಗಾರರದು. ಅಂದಹಾಗೆ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಎಂಟನೆಯ ಇಯತ್ತೆಯವರೆಗೆ ಪುಸ್ತಕಗಳು ಉಚಿತ, ಮತ್ತು ಬಾಲಭಾರತಿಯ ಜಾಲತಾಣದಿಂದ ಕನ್ನಡ ಪುಸ್ತಕಗಳನ್ನು ಹಣವಿಲ್ಲದೆ ಇಳಿಸಿಕೊಳ್ಳಬಹುದು. ಇದನ್ನು ತಿಳಿಯದೆ ಹಣ ಕಳೆದುಕೊಂಡವರನ್ನು ಕಂಡಿದ್ದೇನೆ.

ಪಾರ್ಸಲು ಬಂದ ಮೊದಲ ಗಂಟೆ

ಕೊಳ್ಳುವಾಗಲೇ ಜಾಹೀರಾತಿನ ಪುಟದ ಚಿತ್ರವನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಬೇಕು. ಶೀರ್ಷಿಕೆ, ಬೆಲೆ, ಸಂಖ್ಯೆ, ಮಾರಾಟಗಾರರ ಹೆಸರು, ವಾಪಸಾತಿಯ ಷರತ್ತು ಇಷ್ಟೂ ಅದರಲ್ಲಿ ಕಾಣಬೇಕು. ಈ ಪುಟಗಳು ಯಾವ ಗಳಿಗೆಯಲ್ಲಾದರೂ ಬದಲಾಗುತ್ತವೆ. ಫ್ಲಿಪ್‌ಕಾರ್ಟ್ 2020ರ ಜೂನ್‌ನಲ್ಲಿ, ಅಮೆಜಾನ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕನ್ನಡದಲ್ಲಿ ವ್ಯವಹರಿಸುವ ಸೌಲಭ್ಯ ಕೊಟ್ಟಿವೆ. ಮನೆಯ ಹಿರಿಯರಿಗೆ ಓದಲು ಅದು ಅನುಕೂಲ. ಆದರೆ ವಸ್ತುವಿವರದ ಅನುವಾದ ಅಲ್ಲಲ್ಲಿ ಎಡವುತ್ತದೆ. ಸಂಶಯ ಬಂದಲ್ಲಿ ಇಂಗ್ಲಿಷ್ ವಿವರವನ್ನೂ ತೆರೆದು, ಎರಡರ ಚಿತ್ರವನ್ನೂ ಇಟ್ಟುಕೊಳ್ಳುವುದು ಒಳ್ಳೆಯದು.

ಪಾರ್ಸಲನ್ನು ಬಿಚ್ಚುವ ಮೊದಲು ಮನೆಯ ಇನ್ನೊಬ್ಬರ ಕೈಗೆ ಮೊಬೈಲು ಕೊಟ್ಟು ವಿಡಿಯೋ ಆರಂಭಿಸಲು ಹೇಳಬೇಕು. ಮುಚ್ಚಿದ ಪಾರ್ಸಲಿನ ನಾಲ್ಕೂ ಬದಿ, ಅಂಟಿಸಿದ ವಿಳಾಸದ ಚೀಟಿ, ಟೇಪು ಹರಿದಿದೆಯೇ ಇಲ್ಲವೇ ಎಂಬುದು, ಆಮೇಲೆ ಬಿಚ್ಚುವುದು, ಒಳಗಿನ ವಸ್ತುಗಳನ್ನು ಒಂದೊಂದಾಗಿ ಹೊರಗಿಡುವುದು, ಕೊನೆಗೆ ಖಾಲಿ ಡಬ್ಬಿ ಇವಿಷ್ಟೂ ನಡುವೆ ನಿಲ್ಲಿಸದ ಒಂದೇ ವಿಡಿಯೋದಲ್ಲಿ ಇರಬೇಕು. ತುಂಡು ತುಂಡಾದ ವಿಡಿಯೋವನ್ನು ಕಂಪನಿಗಳು ಒಪ್ಪಲು ಹಿಂಜರಿಯುತ್ತವೆ. ತೂಕದ ವಸ್ತುವಾದರೆ ಪೊಟ್ಟಣ ಒಡೆಯದೆಯೇ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಟ್ಟು, ಅಂಕಿ ಕಾಣುವಂತೆ ಚಿತ್ರ ತೆಗೆಯಬೇಕು. ಒಡೆದ ಪೊಟ್ಟಣದ ತೂಕಕ್ಕೆ ಬೆಲೆಯಿಲ್ಲ. ಪೊಟ್ಟಣದ ತೂಕವೂ ಇದರಲ್ಲಿ ಸೇರಿರುವುದರಿಂದ, ಒಡೆಯದ ಪೊಟ್ಟಣವೇ ನಮೂದಿಸಿದ ನಿವ್ವಳ ತೂಕಕ್ಕಿಂತ ಕಡಿಮೆ ತೂಗಿದರೆ ಕೊರತೆಯ ಬಗ್ಗೆ ವಾದಕ್ಕೆ ಎಡೆಯೇ ಉಳಿಯುವುದಿಲ್ಲ.

ಬೆಲೆಬಾಳುವ ವಸ್ತುಗಳಿಗೆ ಕೆಲವು ಕಂಪನಿಗಳಲ್ಲಿ ವಿತರಕರ ಎದುರಿನಲ್ಲಿಯೇ ತೆರೆದು ತೋರಿಸುವ ವ್ಯವಸ್ಥೆಯಿದೆ. ಆಗ ಒಳಗಿನದನ್ನು ಕಣ್ಣಾರೆ ನೋಡುವವರೆಗೆ ಓಟಿಪಿ ಹೇಳಕೂಡದು. ಗಡಿಬಿಡಿಯಲ್ಲಿರುವ ವಿತರಕ ಹುಡುಗ ಬೇಗ ಹೇಳಿ ಎನ್ನುತ್ತಾನೆ. ಅವನ ಮೇಲೆ ಸಿಟ್ಟಾಗುವ ಕಾರಣವಿಲ್ಲ, ಆದರೆ ಓಟಿಪಿ ಹೇಳಿದ ಕ್ಷಣವೇ ‘ಗ್ರಾಹಕರು ಪರಿಶೀಲಿಸಿ ಸ್ವೀಕರಿಸಿದ್ದಾರೆ’ ಎಂಬ ದಾಖಲೆ ಸಿದ್ಧವಾಗುತ್ತದೆ. ಹೊದಿಕೆ, ಬಿಲ್ಲು, ಚೀಟಿ ಯಾವುದನ್ನೂ ತಕರಾರು ತೀರುವವರೆಗೆ ಎಸೆಯಬಾರದು. ನಮ್ಮ ಮನೆಯಲ್ಲಿ ಅವು ಒಲೆಗೆ ಹೋದ ಕಥೆ ಆಗಲೇ ಹೇಳಿದೆ.

ದೂರು ಮೊದಲು ಎಲ್ಲಿಗೆ

ಅದೇ ದಿನ ಕಂಪನಿಯ ಆಪ್‌ನಲ್ಲಿಯೇ, ಆ ಖರೀದಿಯ ಕೆಳಗೆ ದೂರು ದಾಖಲಿಸಬೇಕು. ಫೋನಿನಲ್ಲಿ ಮಾತಾಡಿದರೆ ದಾಖಲೆ ಉಳಿಯದು, ಬರಹದಲ್ಲಿ ಹೇಳಬೇಕು. ‘ಕೆಲವು ವಸ್ತು ಬಂದಿಲ್ಲ’ ಎಂಬುದನ್ನು ಆರಿಸಬೇಕೇ ಹೊರತು ‘ನನಗೆ ಇಷ್ಟವಾಗಲಿಲ್ಲ’ ಎಂಬುದನ್ನಲ್ಲ. ಎರಡನೆಯದನ್ನು ಆರಿಸಿದರೆ ‘ಈ ವಸ್ತುವಿಗೆ ವಾಪಸಾತಿ ಇಲ್ಲ’ ಎಂಬ ಉತ್ತರಕ್ಕೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ವಾಪಸಾತಿ ಇಲ್ಲ ಎಂಬ ಫಲಕ ಕಂಡು ಅನೇಕರು ಕೈಚೆಲ್ಲುತ್ತಾರೆ. 2020ರ ಜುಲೈ 23ರಂದು ಪ್ರಕಟವಾದ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ವಸ್ತು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಲಕ್ಷಣಗಳು ಅದರಲ್ಲಿ ಇಲ್ಲದಿದ್ದರೆ, ಮಾರಾಟಗಾರರು ಅದನ್ನು ಹಿಂದಕ್ಕೆ ಪಡೆಯಲು ಅಥವಾ ಹಣ ಮರಳಿಸಲು ನಿರಾಕರಿಸುವಂತಿಲ್ಲ. ಮನಸ್ಸು ಬದಲಾಯಿಸಿ ಹಿಂದಿರುಗಿಸುವುದು ಕಂಪನಿ ಕೊಡುವ ಸೌಲಭ್ಯ. ಕೊರತೆಯ ವಸ್ತುವನ್ನು ಹಿಂದಿರುಗಿಸುವುದು ಕಾನೂನು ಕೊಟ್ಟ ಹಕ್ಕು. ಇವೆರಡರ ಅಂತರವನ್ನು ದೂರಿನಲ್ಲಿಯೇ ಒಂದು ವಾಕ್ಯದಲ್ಲಿ ಬರೆದರೆ ಉತ್ತರದ ಧಾಟಿ ಬದಲಾಗುವುದನ್ನು ಕಂಡಿದ್ದೇನೆ.

ಆಪ್‌ನ ಸಹಾಯವಾಣಿಯಿಂದ ಪ್ರಯೋಜನವಾಗದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಪ್ರತಿಯೊಂದು ಇ-ವಾಣಿಜ್ಯ ಸಂಸ್ಥೆಯೂ ಇಂಥ ಅಧಿಕಾರಿಯನ್ನು ನೇಮಿಸಿ, ಹೆಸರು, ಹುದ್ದೆ, ಸಂಪರ್ಕದ ವಿವರಗಳನ್ನು ತನ್ನ ಜಾಲತಾಣದಲ್ಲಿ ತೋರಿಸತಕ್ಕದ್ದು. ಆ ಅಧಿಕಾರಿ 48 ಗಂಟೆಗಳೊಳಗೆ ದೂರು ಮುಟ್ಟಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಈ ಎರಡು ಅವಧಿಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಮಾರುಕಟ್ಟೆ ಒದಗಿಸುವ ಕಂಪನಿ ಬೇರೆ, ಅದರಲ್ಲಿ ಅಂಗಡಿ ಹೂಡಿದ ಮಾರಾಟಗಾರ ಬೇರೆ ಎಂಬುದನ್ನು ನೆನಪಿಡಬೇಕು. ಬಿಲ್ಲಿನ ಮೇಲಿರುವುದು ಮಾರಾಟಗಾರನ ಹೆಸರು. ದೂರಿನಲ್ಲಿ ಇಬ್ಬರನ್ನೂ ಹೆಸರಿಸುವುದು ಕ್ಷೇಮ. ಇಲ್ಲವಾದರೆ ‘ನಾವು ಬರಿಯ ಮಧ್ಯವರ್ತಿ’ ಎಂದು ಒಬ್ಬರು, ‘ನಾವು ಸರಿಯಾಗಿಯೇ ಕಳಿಸಿದ್ದೆವು’ ಎಂದು ಇನ್ನೊಬ್ಬರು ಹೇಳುತ್ತ ದಿನ ನೂಕುತ್ತಾರೆ.

ನಮ್ಮ ಭಾಗದ ಊರುಗಳಿಂದ ವಸ್ತು ಒಯ್ಯುವ ಸೌಲಭ್ಯವಿಲ್ಲ, ನೀವೇ ಕಳಿಸಿರಿ ಎಂಬ ಉತ್ತರವೂ ಬರುವುದುಂಟು. ಆಗ ಅಂಚೆ ಕಚೇರಿಯಿಂದ ಪಾರ್ಸಲಾಗಿ ಕಳಿಸಿ ರಸೀದಿಯನ್ನು ಇಟ್ಟುಕೊಂಡು, ಆ ಖರ್ಚನ್ನೂ ಕೇಳಬೇಕು. ಕಳಿಸುವ ಮೊದಲು ಖರ್ಚು ಭರಿಸುವುದಾಗಿ ಬರಹದಲ್ಲಿ ಒಪ್ಪಿಗೆ ಪಡೆದಿದ್ದರೆ ಇನ್ನೂ ಉತ್ತಮ.

1915: ಕನ್ನಡದಲ್ಲಿ ಮಾತಾಡಬಹುದಾದ ಸಂಖ್ಯೆ

ಕಂಪನಿ ಕಿವಿಗೊಡದಿದ್ದರೆ ಕೇಂದ್ರ ಸರಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬೇಕು. ಕರೆಗೆ ಹಣವಿಲ್ಲ. ರಾಷ್ಟ್ರೀಯ ರಜೆಗಳನ್ನುಳಿದು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಅದು ಕೆಲಸ ಮಾಡುತ್ತದೆ. ಅದು ವ್ಯವಹರಿಸುವ 17 ಭಾಷೆಗಳಲ್ಲಿ ಕನ್ನಡವೂ ಒಂದು, ಮರಾಠಿಯೂ ಒಂದು. ಮಹಾರಾಷ್ಟ್ರದಿಂದ ಕರೆ ಮಾಡುವವರು ಕನ್ನಡವನ್ನು ಆರಿಸಬಾರದು ಎಂಬ ನಿರ್ಬಂಧವಿಲ್ಲ. 8800001915 ಸಂಖ್ಯೆಗೆ ವಾಟ್ಸ್ಆ್ಯಪ್ ಮೂಲಕವೂ ದೂರು ಕಳಿಸಬಹುದು. ದೂರಿಗೆ ಒಂದು ಸಂಖ್ಯೆ ಕೊಡುತ್ತಾರೆ. ಅವರು ಅದನ್ನು ಕಂಪನಿಗೆ ಕಳಿಸಿ ಉತ್ತರ ತರಿಸುತ್ತಾರೆ.

ಸಹಾಯವಾಣಿ ನ್ಯಾಯಾಲಯವಲ್ಲ, ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ. ಆದರೂ ಸಣ್ಣ ಮೊತ್ತದ ಕೊರತೆಗಳಿಗೆ ನನ್ನ ದೃಷ್ಟಿಯಲ್ಲಿ ಇದೇ ಅತ್ಯಂತ ಉಪಯುಕ್ತ ಹಂತ. ಎರಡು ವಹಿಗಾಗಿ ಸೊಲ್ಲಾಪುರದ ಆಯೋಗದ ಮೆಟ್ಟಿಲು ಹತ್ತುವವರು ವಿರಳ. ಐದು ನಿಮಿಷದ ಕರೆಯನ್ನು ಯಾರೂ ಮಾಡಬಹುದು.

ಇಲ್ಲಿ ಸಂವಿಧಾನದ 350ನೆಯ ವಿಧಿಯನ್ನು ನೆನೆಯುವುದು ಉಚಿತ. ಕುಂದುಕೊರತೆಯ ಪರಿಹಾರಕ್ಕಾಗಿ ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಆಯಾ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಅದು ಪ್ರತಿಯೊಬ್ಬರಿಗೂ ಕೊಟ್ಟಿದೆ. ಅನೇಕ ಗ್ರಾಹಕರನ್ನು ಒಟ್ಟಾಗಿ ಬಾಧಿಸುವ ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ ಜಿಲ್ಲಾಧಿಕಾರಿಗೂ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿ ಅವಕಾಶವಿದೆ. ಸೊಲ್ಲಾಪುರದ ಜಿಲ್ಲಾಧಿಕಾರಿಗೆ ಕನ್ನಡದಲ್ಲಿ ಅರ್ಜಿ ಬರೆದರೆ ಅದು ತಪ್ಪಲ್ಲ. ಬೇಗ ಕೆಲಸವಾಗಲೆಂದು ಜೊತೆಗೆ ಮರಾಠಿ ಪ್ರತಿಯನ್ನು ಲಗತ್ತಿಸುವುದು ಜಾಣತನ.

ಸೊಲ್ಲಾಪುರದ ಆಯೋಗ

1986ರ ಹಳೆಯ ಕಾನೂನಿನಲ್ಲಿ ಎದುರು ಪಕ್ಷದವರು ಇರುವ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಸ್ಥಳದ ವೇದಿಕೆಯಲ್ಲಿ ದೂರು ಹೂಡಬೇಕಾಗಿತ್ತು. ದೂರದ ಕಂಪನಿಗಳು ಇದೇ ಅಂಶವನ್ನು ಹಿಡಿದು ತಕರಾರು ಎತ್ತುತ್ತಿದ್ದವು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಅಧಿನಿಯಮ, ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಕೊಡಲು ಅವಕಾಶ ಮಾಡಿದೆ. ಮೈಂದರ್ಗಿಯವರ ದೂರು ಸೊಲ್ಲಾಪುರ ಜಿಲ್ಲಾ ಗ್ರಾಹಕ ಆಯೋಗದಲ್ಲಿ ನಡೆಯಬಲ್ಲದು, ಕಂಪನಿ ಎಲ್ಲಿಯೇ ಇರಲಿ. ಆನ್‌ಲೈನ್ ಖರೀದಿಯೂ ಖರೀದಿಯೇ ಎಂದು ಅದೇ ಕಾನೂನು ಹೇಳುತ್ತದೆ. ಮರುಮಾರಾಟಕ್ಕಾಗಿ ಕೊಂಡವರು ಮಾತ್ರ ಗ್ರಾಹಕರೆನಿಸುವುದಿಲ್ಲ. ಜೀವನೋಪಾಯಕ್ಕಾಗಿ ಹೊಲಿಗೆ ಯಂತ್ರ ತರಿಸಿದ ತಾಯಿ ಗ್ರಾಹಕಳೇ. ಅಂಗಡಿಯಲ್ಲಿ ಮಾರಲು ನೂರು ವಹಿ ತರಿಸಿದವರು ಅಲ್ಲ.

ಕೊಟ್ಟ ಬೆಲೆ 5 ಲಕ್ಷ ರೂಪಾಯಿಯ ಒಳಗಿದ್ದರೆ ಆಯೋಗದ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಕಾರಣ ಉದ್ಭವಿಸಿದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ದೂರಿನೊಂದಿಗೆ ಪ್ರಮಾಣಪತ್ರ, ಬಿಲ್ಲು, ಜಾಹೀರಾತಿನ ಚಿತ್ರ, ತೂಕದ ಅಥವಾ ಎಣಿಕೆಯ ಚಿತ್ರ, ಕಂಪನಿಯೊಂದಿಗಿನ ಪತ್ರವ್ಯವಹಾರ ಇವುಗಳನ್ನು ಲಗತ್ತಿಸಬೇಕು. ಮೊದಲು ಅಂಚೆಯಲ್ಲಿ 15 ದಿನಗಳ ನೋಟಿಸು ಕಳಿಸುವುದು ರೂಢಿ. ಎಷ್ಟೋ ತಕರಾರುಗಳು ಆ ನೋಟಿಸಿನಲ್ಲಿಯೇ ತೀರುತ್ತವೆ. 2020ರ ಸೆಪ್ಟೆಂಬರಿನಿಂದ ಇ-ದಾಖಿಲ್ ಎಂಬ ಜಾಲತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸುವ ವ್ಯವಸ್ಥೆ ಬಂದಿತು. 2025ರ ಜನವರಿ 1ರಿಂದ ಇ-ಜಾಗೃತಿ ಎಂಬ ಹೊಸ ಜಾಲತಾಣ ಆ ಸ್ಥಾನವನ್ನು ವಹಿಸಿಕೊಂಡಿದೆ. ಕೋರಿದರೆ ವಿಡಿಯೋ ಮೂಲಕ ವಿಚಾರಣೆಗೆ ಹಾಜರಾಗಲೂ ಕಾನೂನಿನಲ್ಲಿ ಅವಕಾಶವಿದೆ. ಅಕ್ಕಲಕೋಟೆಯಿಂದ ಸುಮಾರು 40 ಕಿಲೋಮೀಟರ್ ದೂರದ ಸೊಲ್ಲಾಪುರಕ್ಕೆ ಪ್ರತಿ ತಾರೀಖಿಗೂ ಬಸ್ಸು ಹಿಡಿಯುವ ಅಗತ್ಯ ಹೀಗೆ ತಪ್ಪಬಹುದು.

ಒಂದೇ ಶಾಲೆಯ ಹತ್ತಾರು ಪಾಲಕರು ಒಂದೇ ಮಾರಾಟಗಾರರಿಂದ ಒಂದೇ ಬಗೆಯ ಗಣವೇಷವನ್ನೋ ವಹಿಯ ಸಂಚನ್ನೋ ತರಿಸಿ ಎಲ್ಲರೂ ಮೋಸಹೋಗಿದ್ದರೆ, ಆಯೋಗದ ಅನುಮತಿ ಪಡೆದು ಒಬ್ಬರೋ ಕೆಲವರೋ ಎಲ್ಲರ ಪರವಾಗಿ ದೂರು ಹೂಡಬಹುದು. ಪಾಲಕರ ಸಭೆಯಲ್ಲಿ ಈ ವಿಷಯ ಎತ್ತಿದರೆ ಇನ್ನೆಷ್ಟು ಮನೆಗಳಿಗೆ ಕಡಿಮೆ ಬಂದಿದೆ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಆಯೋಗದ ವ್ಯವಹಾರದಲ್ಲಿ ಮರಾಠಿ ಪದಗಳ ಪರಿಚಯ ಬೇಕಾಗುತ್ತದೆ. ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿಯನ್ನೂ ಕಲಿಯುವುದರಿಂದ ಮನೆಯಲ್ಲಿ ಅರ್ಜಿ ಬರೆಯುವ ಕೆಲಸ ಹೆಚ್ಚಾಗಿ ಅವರಿಗೇ ಬರುತ್ತದೆ. ದೂರು ಎಂದರೆ ಅಲ್ಲಿ ‘ತಕ್ರಾರ್’, ಪರಿಹಾರಧನ ಎಂದರೆ ‘ನುಕಸಾನ ಭರಪಾಯಿ’, ಪ್ರಮಾಣಪತ್ರ ಎಂದರೆ ‘ಪ್ರತಿಜ್ಞಾಪತ್ರ’. ತೂಕ ಅಳತೆಯ ಇಲಾಖೆಯ ಫಲಕದಲ್ಲಿ ‘ವೈಧ ಮಾಪನಶಾಸ್ತ್ರ’ ಎಂದಿರುತ್ತದೆ. ತೂಕದ ಕೊರತೆಯನ್ನು ಆ ಇಲಾಖೆಯ ನಿರೀಕ್ಷಕರಿಗೂ ತಿಳಿಸಬಹುದು. ಒಂದು ಪದದಲ್ಲಿ ಮಾತ್ರ ಎಚ್ಚರ ಬೇಕು. ಕನ್ನಡದಲ್ಲಿ ‘ಪಾವತಿ’ ಎಂದರೆ ಹಣ ಸಲ್ಲಿಸುವುದು. ಮರಾಠಿಯಲ್ಲಿ ‘ಪಾವತೀ’ ಎಂದರೆ ಹಣ ಸಂದಿದ್ದಕ್ಕೆ ಕೊಡುವ ರಸೀದಿ. ಗುಮಾಸ್ತರು ಪಾವತೀ ಕೇಳಿದಾಗ ಹಣ ಕಟ್ಟಲು ಹೇಳುತ್ತಿದ್ದಾರೆಂದು ತಿಳಿದು ಕಿಸೆಗೆ ಕೈ ಹಾಕಬೇಕಾಗಿಲ್ಲ.

ಇತ್ತೀಚಿನ ಕೆಲವು ತೀರ್ಪುಗಳು

ತಮಿಳುನಾಡಿನ ಪ್ರಕರಣವೊಂದು ಬಹಳ ಸುದ್ದಿಯಾಯಿತು. ಚೆನ್ನೈಯ ಗ್ರಾಹಕರೊಬ್ಬರು 2021ರ ಡಿಸೆಂಬರಿನಲ್ಲಿ ಕೊಂಡ ಐಟಿಸಿ ಕಂಪನಿಯ ಸನ್‌ಫೀಸ್ಟ್ ಮೇರಿ ಲೈಟ್ ಬಿಸ್ಕಿಟಿನ ಪೊಟ್ಟಣದ ಮೇಲೆ 16 ಬಿಸ್ಕಿಟುಗಳೆಂದು ಮುದ್ರಿಸಿತ್ತು, ಒಳಗಿದ್ದವು 15. ಬಿಸ್ಕಿಟನ್ನು ಎಣಿಕೆಯಿಂದಲ್ಲ, ತೂಕದಿಂದ ಮಾರುತ್ತೇವೆ ಎಂದು ಕಂಪನಿ ವಾದಿಸಿತು. ನಮೂದಿಸಿದ ತೂಕ 76 ಗ್ರಾಂ, ತೂಗಿದಾಗ ಬಂದದ್ದು 74 ಗ್ರಾಂ. ಮೇಲೆ ಹೇಳಿದ 4.5 ಗ್ರಾಂ ವಿನಾಯಿತಿಯನ್ನೂ ಕಂಪನಿ ಮುಂದೊಡ್ಡಿತು. ಇಂಥ ವಿನಾಯಿತಿ ಕಾಲಕ್ರಮದಲ್ಲಿ ತೂಕ ಇಳಿಯುವ ಸ್ವಭಾವದ ವಸ್ತುಗಳಿಗೆ ಸಂಬಂಧಿಸಿದ್ದು, ಬಿಸ್ಕಿಟಿಗಲ್ಲ ಎಂದು ತಿರುವಳ್ಳೂರು ಜಿಲ್ಲಾ ಆಯೋಗ ಆ ವಾದವನ್ನು ತಳ್ಳಿಹಾಕಿ, ಹೊದಿಕೆಯ ಮೇಲೆ 16 ಎಂದು ಬರೆದ ಮೇಲೆ 16 ಇರಲೇಬೇಕೆಂಬ ನಿಲುವು ತಳೆದು, 2023ರಲ್ಲಿ 1 ಲಕ್ಷ ರೂಪಾಯಿ ಪರಿಹಾರವನ್ನೂ 10,000 ರೂಪಾಯಿ ವ್ಯಾಜ್ಯದ ಖರ್ಚನ್ನೂ ಕೊಡಲು ಆದೇಶಿಸಿತು. ಕೊರತೆಯಾದ ಬಿಸ್ಕಿಟಿನ ಬೆಲೆ ಸುಮಾರು 75 ಪೈಸೆ.

ಕೇರಳದ ತ್ರಿಶೂರಿನಲ್ಲಿ 300 ಗ್ರಾಂ ಎಂದು ನಮೂದಾಗಿದ್ದ ಬ್ರಿಟಾನಿಯಾ ಬಿಸ್ಕಿಟಿನ ಎರಡು ಪೊಟ್ಟಣಗಳು 268 ಮತ್ತು 249 ಗ್ರಾಂ ತೂಗಿದವು. 2019ರ ಡಿಸೆಂಬರಿನ ಆ ಖರೀದಿಗೆ 2024ರಲ್ಲಿ ಒಟ್ಟು 60,000 ರೂಪಾಯಿ ಕೊಡಿಸುವ ಆದೇಶವಾಯಿತು. ಇವೆರಡೂ ಅಂಗಡಿಯ ಖರೀದಿಗಳಾದರೂ, ಬರೆದದ್ದಕ್ಕೂ ಕೊಟ್ಟದ್ದಕ್ಕೂ ತಾಳೆಯಾಗಬೇಕೆಂಬ ನಿಯಮ ಆನ್‌ಲೈನಿಗೂ ಅದೇ.

ಬೆಂಗಳೂರಿನಲ್ಲಿ 2023ರ ಡಿಸೆಂಬರಿನಲ್ಲಿ ಒನ್‌ಪ್ಲಸ್ ಮೊಬೈಲು ಕೊಂಡ ಗ್ರಾಹಕರಿಗೆ ಅದರೊಂದಿಗೆ ಬರಬೇಕಾದ ಬಳಕೆಯ ಕೈಪಿಡಿ ಬಂದಿರಲಿಲ್ಲ. ಅದು ಕೈಸೇರುವ ಹೊತ್ತಿಗೆ 2024ರ ಏಪ್ರಿಲ್ ಆಗಿತ್ತು. ಆಯೋಗ ಅದೇ ವರ್ಷ 5,000 ರೂಪಾಯಿ ಪರಿಹಾರ, 1,000 ರೂಪಾಯಿ ಖರ್ಚು ಕೊಡಲು ಹೇಳಿತು. ಹಣ ಪಡೆದು 12,499 ರೂಪಾಯಿಯ ಮೊಬೈಲನ್ನು ತಲುಪಿಸದಿದ್ದುದಕ್ಕಾಗಿ ಫ್ಲಿಪ್‌ಕಾರ್ಟಿನ ವಿರುದ್ಧವೂ ಬೆಂಗಳೂರಿನ ಆಯೋಗ ಬಡ್ಡಿಸಹಿತ ಹಣ ಮರಳಿಸುವ ಆದೇಶ ಮಾಡಿದೆ.

ಕೈಪಿಡಿಗೆ ಕೊಟ್ಟ 5,000ವನ್ನು ಸಾಮಾನ್ಯ ಫಲವೆಂದೂ ಬಿಸ್ಕಿಟಿಗೆ ಕೊಟ್ಟ ಲಕ್ಷವನ್ನು ಅಪವಾದವೆಂದೂ ತಿಳಿಯುವುದು ವಾಸ್ತವಕ್ಕೆ ಹತ್ತಿರ. ಪರೀಕ್ಷೆ ಬೇಡದ ವಸ್ತುಗಳ ದೂರನ್ನು 3 ತಿಂಗಳಲ್ಲಿ ತೀರಿಸಲು ಯತ್ನಿಸಬೇಕೆಂದು ಕಾನೂನು ಹೇಳಿದರೂ ತ್ರಿಶೂರಿನ ಗ್ರಾಹಕರು ನಾಲ್ಕು ವರ್ಷಕ್ಕೂ ಮೀರಿ ಕಾಯಬೇಕಾಯಿತು.

ಹಣ ಕೊಟ್ಟ ಬಗೆಯೂ ಮುಖ್ಯ

ಕಾರ್ಡಿನಲ್ಲಿ ಹಣ ಕೊಟ್ಟಿದ್ದರೆ, ವಸ್ತು ಬಂದಿಲ್ಲ ಅಥವಾ ಹೇಳಿದಂತಿಲ್ಲ ಎಂಬ ಕಾರಣಕ್ಕೆ ಬ್ಯಾಂಕಿಗೆ ತಕರಾರು ಸಲ್ಲಿಸಿ ಹಣ ಹಿಂಪಡೆಯುವ ದಾರಿಯಿದೆ, ತಡಮಾಡಬಾರದು. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಯುಪಿಐ ಮೂಲಕ ಹಣ ಸರಿಯಾಗಿ ಸಂದಿದ್ದರೆ ವಸ್ತುವಿನ ಕೊರತೆಯ ವಿಷಯದಲ್ಲಿ ಬ್ಯಾಂಕಿನ ನೆರವು ಸಿಗುವುದು ಕಷ್ಟ. ಪಾರ್ಸಲು ಬಂದಾಗ ನಗದು ಕೊಡುವುದು ಕ್ಷೇಮವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆಯಾದರೂ, ಮುಚ್ಚಿದ ಡಬ್ಬಿಗೆ ನಗದು ಕೊಟ್ಟ ಮೇಲೆ ಅದು ಮುಂಗಡ ಕೊಟ್ಟಂತೆಯೇ ಸರಿ.

ಸಾಮಾಜಿಕ ಜಾಲತಾಣದ ಜಾಹೀರಾತಿನಲ್ಲಿ ಕಂಡ, ವಿಳಾಸವಿಲ್ಲದ, ಕುಂದುಕೊರತೆ ಅಧಿಕಾರಿಯ ಹೆಸರಿಲ್ಲದ ಅಂಗಡಿಗೆ ಹಣ ಹೋಗಿದ್ದರೆ ಅದು ಕೊರತೆಯ ಪ್ರಶ್ನೆಯಲ್ಲ, ವಂಚನೆಯ ಪ್ರಶ್ನೆ. ಆಗ ಕರೆ ಮಾಡಬೇಕಾದದ್ದು 1915ಕ್ಕಲ್ಲ, ಸೈಬರ್ ಅಪರಾಧದ 1930ಕ್ಕೆ, ಅದೂ ತಿಳಿದ ಕೂಡಲೇ. ಕಂಪನಿಯ ದೂರವಾಣಿ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಿ ಕರೆ ಮಾಡುವುದೂ ಅಪಾಯ. ಹಣ ಮರಳಿಸುತ್ತೇವೆಂದು ಓಟಿಪಿ ಕೇಳುವವರು ಅಲ್ಲಿ ಕಾದಿರುತ್ತಾರೆ. ಸಂಖ್ಯೆಯನ್ನು ಆಪ್‌ನೊಳಗಿನಿಂದಲೇ ತೆಗೆದುಕೊಳ್ಳಬೇಕು.

ದೂರಿನ ಮಾದರಿ

ಕುಂದುಕೊರತೆ ಅಧಿಕಾರಿಗೂ ಸಹಾಯವಾಣಿಗೂ ಬರೆಯುವಾಗ ಈ ಧಾಟಿ ಸಾಕು. ಆವರಣದ ಜಾಗದಲ್ಲಿ ನಿಮ್ಮ ವಿವರ ತುಂಬಿಕೊಳ್ಳಿ.

“ನಾನು (ತಾರೀಖು) ರಂದು ನಿಮ್ಮ ಆಪ್ ಮೂಲಕ (ಮಾರಾಟಗಾರರ ಹೆಸರು) ಅವರಿಂದ 12 ವಹಿಗಳ ಕಟ್ಟನ್ನು (ಮೊತ್ತ) ರೂಪಾಯಿ ಕೊಟ್ಟು ಖರೀದಿಸಿದೆನು. ಖರೀದಿ ಸಂಖ್ಯೆ (ಸಂಖ್ಯೆ). (ತಾರೀಖು) ರಂದು ಬಂದ ಪಾರ್ಸಲಿನಲ್ಲಿ 10 ವಹಿಗಳು ಮಾತ್ರ ಇದ್ದವು. ಪಾರ್ಸಲು ಬಿಚ್ಚಿದ ವಿಡಿಯೋ, ಜಾಹೀರಾತಿನ ಪುಟದ ಚಿತ್ರ ಮತ್ತು ಬಿಲ್ಲು ಲಗತ್ತಿಸಿದೆ. ಅದೇ ದಿನ ಆಪ್‌ನಲ್ಲಿ ಕೊಟ್ಟ ದೂರಿನ ಸಂಖ್ಯೆ (ಸಂಖ್ಯೆ); ಅದಕ್ಕೆ ಪರಿಹಾರ ದೊರೆತಿಲ್ಲ. ವಸ್ತು ಜಾಹೀರಾತಿನಂತೆ ಇಲ್ಲದಿರುವುದರಿಂದ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಕಡಿಮೆ ಬಂದ 2 ವಹಿಗಳನ್ನು ಕಳಿಸಿಕೊಡಬೇಕು, ಇಲ್ಲವೇ ಕಟ್ಟನ್ನು ಹಿಂಪಡೆದು ಪೂರ್ಣ ಹಣ ಮರಳಿಸಬೇಕು. ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಬೇಕೆಂದೂ ಒಂದು ತಿಂಗಳೊಳಗೆ ಪರಿಹರಿಸಬೇಕೆಂದೂ ಕೋರುತ್ತೇನೆ. ತಪ್ಪಿದಲ್ಲಿ ಸೊಲ್ಲಾಪುರ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುವೆನು.”